ಮಾಲ್ಸ್‌ಬಾಖ್‌ನ ಮೂರನೆಯ ಬಾಗಿಲು

"ನೀ ಬರೂತನಕಾ ಗಾಡಿ ಬಿಡೂದಿಲ್ಲ," ಎಂದು ಸುನಿಲಕುಮಾರ ಮಗಳಿಗೆ ಮಾತು ಕೊಟ್ಟಿದ್ದ.

ಆಗ ಪವಿ ಬಹಳ ಚಿಕ್ಕವಳು. ಬೂಟು ತಾನೇ ಹಾಕಿಕೊಳ್ಳಬೇಕೆಂಬ ಹಟ ಬಂದಿತ್ತು, ಹಾಕಿಕೊಳ್ಳಲು ಬರುತ್ತಿರಲಿಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ತಿದ್ದಲು ಹೋದರೆ ಅಳು. ಬೆಳಗಿನ ಎಸ್-ಬಾನ್ ಲೋಕಲ್ ರೈಲು ಹಿಡಿಯಬೇಕಾದ ಮನೆಯಲ್ಲಿ ಇದಕ್ಕಿಂತ ದೊಡ್ಡ ಪೀಡೆ ಬೇಕಿರಲಿಲ್ಲ. "ಹೋತು, ಇವತ್ತೂ ಹೋತು ಗಾಡಿ," ಎಂದು ಅವಳ ತಾಯಿ ಕೀರ್ತಿ ಊಟದ ಡಬ್ಬಿಗಳನ್ನು ಚೀಲಕ್ಕೆ ತುರುಕುತ್ತಿದ್ದರೆ, ಸುನಿಲ ಮಗಳ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಸಾವಕಾಶ ಹಾಕ್ಕೊಂಡು ಬಾ, ನೀ ಬರೂತನಕಾ ಗಾಡಿ ಬಿಡೂದಿಲ್ಲ ಎಂದು ಹೇಳಿ ಮುಂದೆ ಓಡುತ್ತಿದ್ದ.

ಓಡಿಹೋಗಿ ಮೂರನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಮಾಲ್ಸ್‌ಬಾಖ್ ಸ್ಟುಟ್‌ಗಾರ್ಟಿನ ಪಶ್ಚಿಮಕ್ಕೆ, ರೆನ್ನಿಂಗೆನ್‌ಗಿಂತ ಎರಡು ನಿಲ್ದಾಣ ಹಿಂದೆ ಇರುವ ಸಣ್ಣ ಊರು. ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮಿಗೆ ಬಂದರೆ ಎದುರಿಗೇ ಸಿಗುವುದು ಮೂರನೆಯ ಬಾಗಿಲು. ಒಂದು ಕಾಲು ಗಾಡಿಯಲ್ಲಿ, ಒಂದು ಕಾಲು ಹೊರಗೆ, ಬಾಗಿಲಿಗೆ ಅಡ್ಡವಾಗಿ ಚಾಚಿದ ಕೈ. ಬಾಗಿಲು ಮುಚ್ಚಲು ಬರುವುದು, ಕೈಗೆ ತಗುಲಿ ಹಿಂದೆ ಸರಿಯುವುದು, ಮತ್ತೆ ಬರುವುದು. ಒಳಗಿದ್ದವರು ಗೊಣಗುತ್ತಿದ್ದರು. "ಮೊಮೆಂಟ್, ಮೊಮೆಂಟ್, ಮಗಳು ಬರ್ತಿದ್ದಾಳೆ," ಎಂದು ಅವನು ತನ್ನ ಹರಕು ಜರ್ಮನ್‌ನಲ್ಲಿ ಎಲ್ಲರಿಗೂ ನಗುತ್ತ ಹೇಳುವನು. ಆಮೇಲೆ ಹೆಂಡತಿಯ ಹತ್ತಿರ, "ನಮ್ಮ ಇಳಕಲ್ಲಾಗ ಕಂಡಕ್ಟರ್ ಬಸ್ಸ ನಿಲ್ಲಿಸಿ, ಮನ್ಯಾಗ ಇನ್ನ ಯಾರರ ಅದಾರೇನ್ರಿ ಅಂತ ಕೇಳ್ತಾನ. ಇವ್ರಿಗಿ ಒಂದ ಗಳಿಗಿ ತಡಕೊಳ್ಳಾಕ ಆಗೂದಿಲ್ಲಲ್ಲ ಮಾರಾಯ್ತಿ!" ಎನ್ನುವನು.

ರೆನ್ನಿಂಗೆನ್‌ನಲ್ಲಿ ಅವನು ಇಳಿಯುವನು. "ಹೋಗಿ ಬರ್ರಿ," ಎಂದು ಕೀರ್ತಿ ಹೇಳುವಳು. ಅವಳೂ ಪವಿಯೂ ಶಹರದವರೆಗೆ ಹೋಗುವರು.

ಒಂದು ಜನವರಿಯಲ್ಲಿ ಸುನಿಲ ಆಫೀಸಿನ ಕ್ಯಾಂಟೀನಿನಲ್ಲಿ, ಮುಂದಿದ್ದ ತಟ್ಟೆಗೆ ಕೈ ಹಚ್ಚುವ ಮೊದಲೇ, ಕೂತಲ್ಲೇ ಹೋದ. ಎದೆ ನೋವೆಂದು ಹಿಂದೆಂದೂ ಹೇಳಿದವನಲ್ಲ. ದೇಹವನ್ನು ಊರಿಗೆ ಒಯ್ದು ಮಣ್ಣು ಮಾಡಿದರು. ಕೀರ್ತಿ ಮಗಳನ್ನು ಕಟ್ಟಿಕೊಂಡು ಮತ್ತೆ ಮಾಲ್ಸ್‌ಬಾಖ್‌ಗೆ ಬಂದಳು, ಏಕೆಂದರೆ ಕೆಲಸ ಇಲ್ಲಿತ್ತು, ಮಗಳ ಭಾಷೆ ಇಲ್ಲಿತ್ತು. ಪವಿ ಊರಿನ ಸಣ್ಣ ಶಾಲೆಗೆ ನಡೆದುಕೊಂಡೇ ಹೋಗಿ ಬಂದು ನಾಲ್ಕನೆಯ ತರಗತಿ ಮುಗಿಸಿದಳು. ಇಷ್ಟು ವರ್ಷ ಅವಳಿಗೆ ಬೆಳಗಿನ ಗಾಡಿಯ ಗೊಡವೆಯೇ ಇರಲಿಲ್ಲ. ಈ ಸೆಪ್ಟೆಂಬರಿನಿಂದ ಶಹರದ ಗಿಮ್ನಾಜಿಯಂ, ಅಂದರೆ ಐದನೆಯದರಿಂದ ಮುಂದಿನ ದೊಡ್ಡ ಶಾಲೆ. ಕೀರ್ತಿ ಮುಂಚಿನ ಗಾಡಿಗೇ ಆಫೀಸಿಗೆ ಹೋಗಬೇಕು. ಪವಿ ಒಬ್ಬಳೇ ಬೀಗ ಹಾಕಿಕೊಂಡು, ಒಬ್ಬಳೇ ಗಾಡಿ ಹತ್ತಿ ಹೋಗುವುದು ಎಂದಾಯಿತು.

ಕೀರ್ತಿಯ ಕೆಲಸವೂ ಈ ಗಾಡಿಗಳದ್ದೇ. ಸ್ಟುಟ್‌ಗಾರ್ಟಿನ ಸುತ್ತಲಿನ ಎಸ್-ಬಾನ್ ಮಾರ್ಗಗಳೆಲ್ಲ ಶಹರದ ಕೆಳಗೆ ಒಂದೇ ಸುರಂಗದಲ್ಲಿ ಹಾಯಬೇಕು. ಹೋಗಲು ಒಂದು ಹಳಿ, ಬರಲು ಒಂದು ಹಳಿ. ಮದುವೆಯ ಊಟದಲ್ಲಿ ಯಾರೋ ಒಬ್ಬ ಹಿರಿಯರು ಮಜ್ಜಿಗೆ ಅನ್ನ ಕಲಸುತ್ತ ಕುಳಿತುಬಿಟ್ಟರೆ ಎಲೆ ತೆಗೆಯುವಂತಿಲ್ಲ, ಹಿಂದೆ ನಿಂತ ಪಂಕ್ತಿ ಕೂರುವಂತಿಲ್ಲ. ಹಾಗೆಯೇ ಇದು. ಒಂದು ಹಳ್ಳಿಯಲ್ಲಿ ಒಂದು ಗಾಡಿ ತುಸು ತಡವಾದರೆ ಸುರಂಗದ ಬಾಯಲ್ಲಿ ಅದರ ಸರದಿ ತಪ್ಪುತ್ತದೆ, ಅದರ ಹಿಂದಿನದ್ದೆಲ್ಲ ನಿಲ್ಲುತ್ತವೆ. ಈಗ ಹಳೆಯ ಸಿಗ್ನಲ್ ಕಂಬಗಳನ್ನು ಕಿತ್ತು, ಹಳಿಗಳ ನಡುವೆ ಹಳದಿ ಪೆಟ್ಟಿಗೆ ಕೂರಿಸಿ, ಗಾಡಿಯೇ ರೇಡಿಯೋದಲ್ಲಿ ಕಂಟ್ರೋಲ್ ರೂಮಿನೊಂದಿಗೆ ಮಾತಾಡುವ ಹೊಸ ವ್ಯವಸ್ಥೆ ಬರುತ್ತಿತ್ತು. ಹೀಗಾದರೆ ಗಾಡಿಗಳನ್ನು ಇನ್ನೂ ಹತ್ತಿರ ಹತ್ತಿರ ಓಡಿಸಬಹುದು. ಹತ್ತಿರ ಓಡಿಸಿದಷ್ಟೂ ಒಂದರ ತಡ ಇನ್ನೊಂದಕ್ಕೆ ಬೇಗ ತಟ್ಟುತ್ತದೆ ಎಂಬುದೂ ಅಷ್ಟೇ ನಿಜ. ಹೊಸ ವೇಳಾಪಟ್ಟಿ ಬರುವುದರೊಳಗೆ ತಡ ಎಲ್ಲೆಲ್ಲಿ ಹುಟ್ಟುತ್ತದೆಂದು ಹುಡುಕಿ ತೆಗೆಯಬೇಕು. ರೈಲ್ವೆಯವರು ಆ ಕೆಲಸವನ್ನು ಕೀರ್ತಿಯ ಕಂಪನಿಗೆ ಕೊಟ್ಟಿದ್ದರು.

ನವೆಂಬರಿನ ಒಂದು ಮಧ್ಯಾಹ್ನ ಪಕ್ಕದ ಮೇಜಿನ ದಿಲೀಪ್ ತನ್ನ ಕುರ್ಚಿಯನ್ನು ಉರುಳಿಸಿಕೊಂಡು ಬಂದ. ಬೆಂಗಳೂರಿನ ಹುಡುಗ, ಇನ್ನೂ ಮದುವೆಯಾಗಿಲ್ಲ, ಬಾಯಿ ಜಾಸ್ತಿ.

"ಏನ್ರೀ ಕೀರ್ತಿ, ನಿಮ್ ಊರ್ ಸ್ಟೇಷನ್ನೇ ನಮ್ ಮಾನ ಹರಾಜ್ ಹಾಕ್ತಿದೆಯಲ್ರೀ!"

"ನಮ್ಮ ಊರೇನ ಮಾಡ್ತೋ ನಿಮಗ?"

"ಮಾಲ್ಸ್‌ಬಾಖ್. ಬೆಳಿಗ್ಗೆ ಸ್ಕೂಲ್ ಟೈಮ್ ಗಾಡಿ. ದಿನಾ ಬಾಗ್ಲು ಮುಚ್ಚಲ್ಲ. ಏನೋ ಅಡ್ಡ ಇದೆ ಅಂತ ಸೆನ್ಸರ್ ಹೇಳುತ್ತೆ. ಡ್ರೈವರ್ ಕ್ಯಾಮೆರಾದಲ್ಲಿ ನೋಡಿದ್ರೆ ಯಾರೂ ಇಲ್ಲ. ತಮಾಷೆ ಅಂದ್ರೆ ದಿನಾ ಬೇರೆ ಬೇರೆ ಗಾಡಿ. ಆದ್ರೂ ಅದೇ ಮೂರನೇ ಬಾಗ್ಲು. ಮುಂದಿನ ಸ್ಟೇಷನ್ನಲ್ಲಿ ಮಗು ಥರ ಮುಚ್ಕೊಳ್ಳುತ್ತೆ."

ಕೀರ್ತಿ ಅವನ ಕಡೆ ತಿರುಗಲಿಲ್ಲ. "ಹಾಳಿ, ಎಲಿ ಏನರ ಬಿದ್ದಿರತಾವು. ಈಗ ಎಲಿ ಉದುರೂ ಕಾಲ."

"ಎಲೆ ಶನಿವಾರ-ಭಾನುವಾರ ಲೀವ್ ತಗೊಳ್ಳುತ್ತಾ? ಹರ್ಬ್‌ಸ್ಟ್‌ಫೇರಿಯನ್ ಅಂತ ಸ್ಕೂಲಿಗೆ ರಜಾ ಇತ್ತಲ್ಲ, ಆಗ ಒಂದ್ ಸಲಾನೂ ಇಲ್ಲ. ದೆವ್ವ ಇದ್ರೂ ಬಹಳ ಶಿಸ್ತಿನ ದೆವ್ವ ಕಣ್ರೀ. ಜರ್ಮನ್ ದೆವ್ವ." ಅವನು ನಕ್ಕ. ಆಮೇಲೆ ದನಿ ತಗ್ಗಿಸಿ, "ಜೋಕ್ ಬಿಡಿ. ಇದನ್ನ ಸರಿಮಾಡದಿದ್ರೆ ಹೊಸ ಟೈಮ್‌ಟೇಬಲ್ಲಲ್ಲಿ ಬೆಳಿಗ್ಗೆ ಮಾಲ್ಸ್‌ಬಾಖ್‌ನಲ್ಲಿ ಗಾಡೀನೇ ನಿಲ್ಲಿಸೋದಿಲ್ವಂತೆ. ನಿಮ್ ಮಗಳು ಬಸ್ಸಲ್ಲಿ ಹೋಗ್ಬೇಕಾಗುತ್ತೆ," ಎಂದ.

ಮರುದಿನ ಕೀರ್ತಿ ಎಂದಿನಂತೆ ಮುಂಚೆಯೇ ಮನೆಯಿಂದ ಹೊರಟಳು, ಆದರೆ ಗಾಡಿ ಹತ್ತಲಿಲ್ಲ. ಕೆಳದಾರಿಯಿಂದ ದಾಟಿ ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ, ಟಿಕೇಟು ಯಂತ್ರದ ಮರೆಯಲ್ಲಿ ನಿಂತಳು. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಹೊಲಗಳ ಮೇಲಿನಿಂದ ಮಂಜು ಹಳಿಯವರೆಗೆ ಬಂದು ನಿಂತಿತ್ತು.

ಗಾಡಿ ಬಂತು. ಆಚೆ ಪ್ಲಾಟ್‌ಫಾರ್ಮಿನ ಜನ ಹತ್ತಿದರು. ಕೀರ್ತಿ ನಿಂತ ಕಡೆಯಿಂದ ಗಾಡಿಯ ಗಾಜುಗಳ ಮೂಲಕ ಆಚೆಯ ಬಾಗಿಲುಗಳು ಚೆನ್ನಾಗಿ ಕಾಣುತ್ತಿದ್ದವು. ಬಾಗಿಲುಗಳು ಒಟ್ಟಿಗೆ ಮುಚ್ಚಿದವು, ಮೂರನೆಯದೊಂದನ್ನು ಬಿಟ್ಟು. ಅದು ಅರ್ಧಕ್ಕೆ ಬಂದು, ಏನನ್ನೋ ಮುಟ್ಟಿದಂತೆ ನಿಂತು, ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಎಚ್ಚರಿಕೆಯ ಪೀಂ ಪೀಂ ಮಂಜಿನಲ್ಲಿ ಹಿಂಜಿಹೋಗುತ್ತಿತ್ತು. ಒಳಗೆ ಬಾಗಿಲ ಬಳಿ ನಿಂತ ಹೆಂಗಸೊಬ್ಬಳು ಫೋನಿನಿಂದ ಕಣ್ಣೆತ್ತದೆಯೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಗರ್ದಿಯಲ್ಲಿ ಮೈಗೆ ಮೈ ತಗಲುವಷ್ಟು ಹತ್ತಿರ ಯಾರಾದರೂ ಬಂದರೆ ನಾವು ಹಾಗೆ ಸರಿಯುತ್ತೇವೆ. ಅವಳ ಹತ್ತಿರ ಯಾರೂ ಇರಲಿಲ್ಲ.

ಆಗ ಮೆಟ್ಟಿಲ ಮೇಲೆ ಪವಿ ಕಾಣಿಸಿದಳು. ಓಡುತ್ತಿರಲಿಲ್ಲ. ಸೇಬು ತಿನ್ನುತ್ತ, ಕೈಚೀಲ ಬೀಸುತ್ತ, ಒಂದೊಂದೇ ಮೆಟ್ಟಿಲು ಎಣಿಸುವವಳಂತೆ ಬರುತ್ತಿದ್ದಳು. ಪ್ಲಾಟ್‌ಫಾರ್ಮಿನ ಮೇಲೆ ಬಂದು ನಿಂತು ಸೇಬನ್ನು ಇನ್ನೊಂದು ಸಲ ಕಚ್ಚಿದಳು. ಗಾಡಿ ಕಾದಿತ್ತು. ಕೊನೆಗೆ ಅವಳು ಬಾಗಿಲ ಹತ್ತಿರ ಹೋದಳು, ಮುಖ ಮೇಲೆತ್ತಿ ಏನೋ ಅಂದಳು, ತಲೆ ಬಗ್ಗಿಸಿದಳು. ಅಡ್ಡ ಹಿಡಿದ ಕೈಯೊಂದರ ಕೆಳಗೆ ನುಸುಳುವ ಹಾಗೆ ನುಸುಳಿ ಒಳಗೆ ಹೋದಳು.

ಬಾಗಿಲು ಮುಚ್ಚಿತು. ಗಾಡಿ ಹೋಯಿತು. ಕೀರ್ತಿಯ ಬೆನ್ನು ಟಿಕೇಟು ಯಂತ್ರಕ್ಕೆ ಅಂಟಿಕೊಂಡೇ ಇತ್ತು.

ಆ ಸಂಜೆ ಅಡುಗೆಮನೆಯಲ್ಲಿ ಅವಳು ರೊಟ್ಟಿಯ ಹಿಟ್ಟು ನಾದುತ್ತ, ಆದಷ್ಟು ಹಗುರವಾಗಿ ಕೇಳಿದಳು. "ಪವೀ, ನೀ ಮುಂಜಾನೆ ಯಾಕ ತಡಾ ಮಾಡ್ತಿ? ಗಾಡಿ ತಪ್ಪಿದರ?"

"ತಪ್ಪೂದಿಲ್ಲ." ಪವಿ ಗಣಿತದ ಪುಸ್ತಕದಿಂದ ತಲೆ ಎತ್ತಲಿಲ್ಲ. ಉಳಿದದ್ದನ್ನು ಜರ್ಮನ್‌ನಲ್ಲಿ ಹೇಳಿದಳು, ಎಲ್ಲರಿಗೂ ಗೊತ್ತಿರುವ ಸಂಗತಿ ಹೇಳುವ ದನಿಯಲ್ಲಿ. ಪಪ್ಪಾ ಬಾಗಿಲು ಹಿಡಿದಿರುತ್ತಾನಲ್ಲ.

ಹಿಟ್ಟಿನ ಮೇಲಿದ್ದ ಕೈ ನಿಂತಿತು. "ಯಾವಾಗಿಂದ?"

"ಸಾಲಿ ಚಾಲೂ ಆದಾಗಿಂದ. ಫಸ್ಟ್ ಡೇ ನಾ ಖರೇನ ಲೇಟ್ ಇದ್ದೆ, ಮಮ್ಮಾ. ಶ್ವೋರ್, ನಿನ್ನಾಣೆ! ಆಮ್ಯಾಲ ಸುಮ್ಮನ."

"ಸುಮ್ಮನ ಅಂದ್ರ?"

"ನಾ ಬ್ಯಾಗ ಹೋದರ ಪಪ್ಪಾ ಇರೂದಿಲ್ಲ. ಲೇಟ್ ಹೋದರ ಇರ್ತಾನ. ಇನ್ನೂ ಲೇಟ್ ಹೋದರ ಇನ್ನೂ ಹೊತ್ತು ಇರ್ತಾನ. ನಾ ಒಳಗ ಹೋದ ಕೂಡಲೇ ವೆಕ್." ಹೋಗಿಬಿಡುತ್ತಾನೆ ಎನ್ನಲು ಅವಳು ಪೆನ್ಸಿಲನ್ನು ಗಾಳಿಯಲ್ಲಿ ಹಾರಿಸಿ ತೋರಿಸಿದಳು.

"ಮಾತಾಡ್ತಾನೇನ?"

"ಇಲ್ಲ. ನಗ್ತಾನ. ಅವನ ತೋಳು ಥಂಡಿ ಅದ. ನೀ ಯಾಕ ಅಳ್ತಿ? ನೀ ಬೇಕಾದರ ಬಾ. ನೀನೂ ಲೇಟ್ ಬಾ."

ಕೀರ್ತಿ ಕೈ ತೊಳೆದುಕೊಂಡಳು. ಒಂದು ಗಳಿಗೆ ಅವಳಿಗೂ ಆಸೆಯಾಯಿತು. ನಾಳೆ ಆಫೀಸಿಗೆ ಹುಷಾರಿಲ್ಲವೆಂದು ಹೇಳಿ, ಮಗಳ ಕೈ ಹಿಡಿದು, ಸೇಬು ತಿನ್ನುತ್ತ, ಆ ಮೆಟ್ಟಿಲನ್ನು ಹತ್ತುವುದು. ಆಸೆಯನ್ನು ಅವಳು ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಹಾಗೆ ಮುಚ್ಚಿದಳು. "ನಾಳಿಂದ ಹೊತ್ತಿಗೆ ಸರಿಯಾಗಿ ಹೋಗಬೇಕು, ತಿಳೀತಿಲ್ಲೊ?" ಎಂದಳು. ಪವಿ "ಓಕೆ" ಎಂದಳು, ಎಲ್ಲ ಮಕ್ಕಳೂ ಓಕೆ ಎನ್ನುವ ಹಾಗೆ.

ಹೊತ್ತಿಗೆ ಸರಿಯಾಗಿ ಹೋಗಲಿಲ್ಲ. ಮುಂದಿನ ವಾರ ಒಂದು ದಿನ ಅವಳು ಗಾಡಿ ಹತ್ತಲೇ ಇಲ್ಲ. ಮೆಟ್ಟಿಲ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತು ನಿಲ್ಲುತ್ತಾನೋ ನೋಡೋಣವೆಂದು. ಗಾಡಿ ನಿಂತೇ ಇತ್ತು. ಅದರ ಹಿಂದೆ ಇನ್ನೊಂದು ಗಾಡಿ ಹೊಲದ ನಡುವೆ ನಿಂತಿತು. ಸುರಂಗದಲ್ಲಿ ಸರದಿಗಳು ಕಲಸಿಹೋಗಿ ಎಲ್ಲ ದಿಕ್ಕಿನ ಗಾಡಿಗಳೂ ಅಲ್ಲಲ್ಲೇ ನಿಂತವು. ಆಫೀಸಿನಲ್ಲಿ ಗೋಡೆಯ ಪರದೆಯ ಮೇಲೆ ಮಾರ್ಗಗಳು ಒಂದೊಂದಾಗಿ ಕೆಂಪಾಗುವುದನ್ನು ಕೀರ್ತಿ ನೋಡುತ್ತಿದ್ದಳು. ಕೆಂಪಿನ ಬೇರು ಎಲ್ಲಿದೆಯೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವಳ ಫೋನು ಕೈಯಲ್ಲೇ ಇತ್ತು, ಪವಿ ಎತ್ತುತ್ತಿರಲಿಲ್ಲ.

ಮಾಲ್ಸ್‌ಬಾಖ್‌ನಲ್ಲಿ ಗಾಡಿಯ ಚಾಲಕ ಬೇಸತ್ತು ಇಳಿದು ಬಂದು, ಮೂರನೆಯ ಬಾಗಿಲನ್ನು ಕೈಯಿಂದ ಎಳೆದು, ಚೌಕದ ಕೀಲಿ ತಿರುವಿ, ಕೆಟ್ಟಿದೆ ಎಂಬ ಸ್ಟಿಕ್ಕರ್ ಅಂಟಿಸಿ ಹೋದ. ಗಾಡಿ ಹೊರಟಿತು. ಆಗ ಪವಿ ಕಿರುಚುತ್ತ ಮೆಟ್ಟಿಲಿನಿಂದ ಎದ್ದು, ಚಲಿಸುವ ಗಾಡಿಯ ಪಕ್ಕದಲ್ಲೇ, ಬಿಳಿ ಗೆರೆ ದಾಟಿ, ಬಾಗಿಲನ್ನು ಬಡಿಯುತ್ತ ಓಡಿದಳು. ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ ನಾಯಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಅವಳ ಬೆನ್ನಚೀಲ ಹಿಡಿದು ಜಗ್ಗದಿದ್ದರೆ ಕೆಳಗೆ ಹೋಗುತ್ತಿದ್ದಳು. ಪವಿಯ ಫೋನಿನಿಂದ ಕೀರ್ತಿಗೆ ಸುದ್ದಿ ಹೇಳಿದವಳೂ ಆ ಮುದುಕಿಯೇ.

ಕೀರ್ತಿ ಟ್ಯಾಕ್ಸಿಯಲ್ಲಿ ಬಂದಾಗ ಪವಿ ಬೆಂಚಿನ ಮೇಲೆ ನಾಯಿಯನ್ನು ತಬ್ಬಿಕೊಂಡು ಕುಳಿತಿದ್ದಳು. "ಅವನ ಕೈ ಬಾಗಲದಾಗ ಸಿಕ್ಕಿತ್ತು ಮಮ್ಮಾ," ಎಂದಳು. "ಡ್ರೈವರ್ ಮಾಮಾಗ ಕಾಣಲೇ ಇಲ್ಲ. ಕೈ ಸಿಕ್ಕಿಸಿಕೊಂಡ ಗಾಡಿ ಜೋಡಿ ಓಡಿದ."

ಮರುದಿನ ದಿಲೀಪ್ ಜೋಕು ಮಾಡಲಿಲ್ಲ. ಡಿಪೋದವರು ಕಳಿಸಿದ ಫೋಟೋ ತೋರಿಸಿದ. ಮುಚ್ಚಿ ಕೀಲಿ ಹಾಕಿದ ಬಾಗಿಲು. ಎರಡು ರೆಕ್ಕೆಗಳ ನಡುವಿನ ರಬ್ಬರು ಒಂದು ಕಡೆ ಒಳಕ್ಕೆ ತಗ್ಗಿಹೋಗಿತ್ತು. ಗಂಡಸಿನ ಮಣಿಕಟ್ಟಿನಷ್ಟು ದುಂಡಗೆ.

"ಹೊಸ ರಬ್ಬರ್ ಹಾಕಿದ್ರು ಕೀರ್ತಿ. ಅದೂ ಹಂಗೇ ತಗ್ಗೋಯ್ತು. ಡಿಪೋದಲ್ಲಿ ನಿಂತಿರೋ ಗಾಡಿ ಕಣ್ರೀ ಅದು." ಅವನು ಪರದೆಯನ್ನು ಆರಿಸಿದ. "ಸೋಮವಾರ ನಮ್ ಸೆಕ್ಷನ್ ಹೊಸ ಸಿಸ್ಟಮ್‌ಗೆ ಹೋಗುತ್ತೆ. ಅವತ್ತು ಹಿಂಗಾದ್ರೆ ಏನ್ ಹೇಳೋದು ರೈಲ್ವೆಯವರಿಗೆ?"

ಕೀರ್ತಿಗೆ ಸೋಮವಾರದ ಚಿಂತೆ ಇರಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಿಂದ ಹಳಿ ಎಷ್ಟು ಆಳದಲ್ಲಿದೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಶನಿವಾರ ಮಧ್ಯಾಹ್ನ ಅವಳು ಇಳಕಲ್ಲಿಗೆ, ಅತ್ತೆ ಬಸವ್ವನಿಗೆ ಫೋನು ಮಾಡಿದಳು. ಸಿಗ್ನಲ್ ಬದಲಿಸುವ ಕೆಲಸದ ಸಲುವಾಗಿ ಆ ಎರಡು ದಿನ ಮಾರ್ಗವೇ ಮುಚ್ಚಿತ್ತು. ಗಾಡಿಯ ಬದಲು ಬಸ್ಸುಗಳು ಕಿಟಕಿಯ ಕೆಳಗೆ ಗುರ್ ಎನ್ನುತ್ತ ತಿರುಗುತ್ತಿದ್ದವು. ಬಸವ್ವ ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿದಳು.

"ಪೆಟಗಿ ವಿಮಾನಕ್ಕ ಹಾಕೂ ಮುಂದ ನೀ ಅಲ್ಲಿ ಇದ್ದಿ?"

"ಇದ್ದೆ ಅತ್ತಿ. ಅವರದು ಮುಂಚಿನ ವಿಮಾನ, ನಮ್ಮದು ಮರುದಿನ. ಗೋದಾಮಿನ ಬಾಗಲತನಕಾ ಹೋಗಿದ್ದೆ."

"ಏನಂದಿ ಅವಗ?"

ಕೀರ್ತಿಗೆ ತಟ್ಟನೆ ಹೊಳೆಯಿತು. ಪೆಟ್ಟಿಗೆ ತಳ್ಳುವ ಗಾಡಿ ತಿರುಗುವಾಗ ಬಾಯಿಂದ ತಾನಾಗಿ ಬಿದ್ದದ್ದು. ರೆನ್ನಿಂಗೆನ್ ಬಂದಾಗ ದಿನವೂ ಬೀಳುತ್ತಿದ್ದದ್ದು. "ಹೋಗಿ ಬರ್ರಿ ಅಂದೆ."



"ಸತ್ತವರಿಗೆ ಬರ್ರಿ ಅಂತಾರೇನ ಯವ್ವಾ," ಎಂದಳು ಬಸವ್ವ. ಬೈದದ್ದಲ್ಲ, ದಣಿದ ದನಿ. "ಇರಲಿ. ನಾ ಇದ್ದರೂ ಹಂಗ ಅಂತಿದ್ದೆ ಏನೊ. ನನ್ನ ಮಗಾ ಮಾತ ಮೀರಿದಂವ ಅಲ್ಲ. ಬಂದಾನ. ಬಂದು, ಕೂಸಿಗೆ ಕೊಟ್ಟ ಮಾತ ಒಂದ ಉಳದಿತ್ತು, ಅದನ್ನ ಹಿಡಕೊಂಡ ನಿಂತಾನ."

"ಈಗ ಏನ ಮಾಡ್ಲಿ?"

"ಕೇಳ ಇಲ್ಲಿ. ಒಂದ ಕಾಲ ಹೊರಗ ಇಟಗೊಂಡ ನಿಂತಾನಲ್ಲ, ಅಲ್ಲೀತನಕಾ ಚಿಂತಿ ಇಲ್ಲ. ಆದರ ಅಂವ ಒಳಗ ಹತ್ತಿದ ದಿನಾ ಅವನ ಜೋಡಿ ಕೂಸು ಹತ್ತಬಾರದು. ಬ್ಯಾರೆ ಮಂದಿಗೇನೂ ಆಗೂದಿಲ್ಲ, ಅಂವ ಯಾರ ಕೈ ಹಿಡೀತಾನ ಅವರಿಗಷ್ಟ. ಅವ ಇಳಿಯೂ ಊರು ಬ್ಯಾರೆ, ನಮ್ಮ ಊರು ಬ್ಯಾರೆ."

"ಅವರು ಹತ್ತೂದಿಲ್ಲ ಅತ್ತಿ. ಬಾಗಲಾ ಬಿಟ್ಟು ಒಳಗ ಒಂದ ಸಲಾನೂ ಹೋಗಿಲ್ಲಂತ."

"ಹಂಗಾದ್ರ ಕೂಸಿನ್ನ ಹೊತ್ತಿಗಿಂತ ಮುಂಚೆ ಒಯ್ದು ನಿಲ್ಲಸು. ಅಕಿನ ಮೊದಲ ಬಂದ ನಿಂತರ ಅವಗ ಹಿಡಿಯೂ ಕೆಲಸ ಏನ ಉಳೀತು? ತಾನ ಹೋಗಿಬಿಡ್ತಾನ." ಬಸವ್ವ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಅಂವ ಈಗೂ ದಪ್ಪ ಅದಾನೇನ? ಕೂಸಿನ್ನ ಕೇಳಬೇಕಾಗಿತ್ತು ನಾ."

ಭಾನುವಾರ ಕೀರ್ತಿ ಮಗಳಿಗೆ ಹೇಳಿದಳು. ಸುಳ್ಳು ಹೇಳಲಿಲ್ಲ. ನಾಳೆ ಇಬ್ಬರೂ ಮುಂಚೆ ಹೋಗಿ ನಿಲ್ಲೋಣ, ಆಗ ಪಪ್ಪಾ ಬಾಗಿಲು ಹಿಡಿಯಬೇಕಾಗಿಲ್ಲ, ಅವನಿಗೂ ಕೈ ನೋಯುತ್ತದೆ ಎಂದಳು. ಪವಿ ಬಹಳ ಹೊತ್ತು ಕಾಲುಚೀಲದ ತೂತಿನಲ್ಲಿ ಬೆರಳಾಡಿಸಿದಳು.

"ಆಗ ಅಂವ ಬರೂದಿಲ್ಲ."

"ಹೌದು. ಬರೂದಿಲ್ಲ."

"ಎಂದೂ?"

"ಎಂದೂ."

ಪವಿ ಅಳಲಿಲ್ಲ. ತಲೆಯಾಡಿಸಿದಳು. ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ಕೀರ್ತಿಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ವಾಷಿಂಗ್ ಮಷೀನಿನಲ್ಲಿ ಬಟ್ಟೆ ಮುಗಿದಿತ್ತು, ಮರುದಿನದ ಪಲ್ಯಕ್ಕೆ ಹೆಚ್ಚುವುದಿತ್ತು, ವಾರವಿಡೀ ನಿದ್ದೆಯಿರಲಿಲ್ಲ. ಒಪ್ಪಿದಳಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಸೋಮವಾರ ಪವಿ ತಾಯಿಗಿಂತ ಮುಂಚೆ ಎದ್ದು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಹಿಮಗಾಳಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿದ್ದ ಹಳೆಯ ಸಿಗ್ನಲ್ ಕಂಬವನ್ನು ಕಿತ್ತಿದ್ದರು. ಇಷ್ಟು ದಿನ ಕೆಂಪೋ ಹಸಿರೋ ಒಂದು ಕಣ್ಣು ಉರಿಯುತ್ತಿದ್ದ ಕಡೆ ಈಗ ಬರೀ ಕತ್ತಲೆ, ಹಳಿಗಳ ನಡುವೆ ಹಳದಿ ಪೆಟ್ಟಿಗೆಗಳ ಸಾಲು. ಗಾಡಿ ಯಾವ ಸೂಚನೆಯೂ ಇಲ್ಲದೆ ಬರುತ್ತಿರುವ ಹಾಗೆ ಕತ್ತಲೆಯೊಳಗಿಂದ ಬಂತು.

ಮೂರನೆಯ ಬಾಗಿಲು ಅವರ ಎದುರಿಗೆ ಬಂದು ನಿಂತು ತೆರೆಯಿತು. ಅಡ್ಡ ಏನೂ ಇರಲಿಲ್ಲ. ಪವಿ ಮುಖ ಮೇಲೆತ್ತಿ ನೋಡಿದಳು, ಹಾಗೆಯೇ ಇಳಿಸಿದಳು. ಯಾರೂ ಇಲ್ಲವೆಂದು ಆ ಮುಖದಲ್ಲೇ ಕೀರ್ತಿಗೆ ತಿಳಿಯಿತು. "ಹತ್ತ, ಪುಟ್ಟಾ," ಎಂದಳು.

ಪವಿ ಒಂದು ಕಾಲನ್ನು ಗಾಡಿಯಲ್ಲಿಟ್ಟಳು. ಇನ್ನೊಂದನ್ನು ಎತ್ತಲಿಲ್ಲ. ಉದ್ದಕ್ಕೆ ಕೈ ಚಾಚಿ, ಬಾಗಿಲಿಗೆ ಅಡ್ಡ ಹಿಡಿದು ನಿಂತಳು.

"ಪವೀ, ಏನಿದು?"

"ಪಪ್ಪಾ ಇನ್ನೂ ಬಂದಿಲ್ಲ."

ಬಾಗಿಲು ಬಂದು ಅವಳ ಕೈ ಮುಟ್ಟಿ ಹಿಂದೆ ಸರಿಯಿತು. ಪೀಂ ಪೀಂ. ಒಳಗಿನಿಂದ ಯಾರೋ ಗೊಣಗಿದರು. "ಮೊಮೆಂಟ್," ಎಂದಳು ಪವಿ ಅವರ ಕಡೆ ನಗುತ್ತ, "ಪಪ್ಪಾ ಬರ್ತಾನೆ."

ಕೀರ್ತಿ ಅವಳ ಭುಜ ಹಿಡಿಯಲು ಮುಂದಾದಳು. ಆಗ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಓಡಿ ಬರುವ ಗಂಡಸಿನ ಹೆಜ್ಜೆ, ತುಸು ಭಾರ, ಎರಡು ಮೆಟ್ಟಿಲಿಗೊಂದು. ಕೀರ್ತಿ ತಿರುಗಲಿಲ್ಲ. ಆ ಹೆಜ್ಜೆಯ ಜೊತೆ ಅವಳು ವರ್ಷಗಟ್ಟಲೆ ಬದುಕಿದ್ದಳು. ಪಕ್ಕದಿಂದ ಒಂದು ಥಂಡಿ ಹಾದುಹೋಯಿತು. ಅವಳ ಕೊರಳಪಟ್ಟಿಯ ಅಂಚು ಅಲುಗಿತು. ಪವಿ ನಗುತ್ತ ಒಂದು ಭುಜ ಸರಿಸಿ ಜಾಗ ಬಿಟ್ಟಳು. ಗಾಡಿ, ದಪ್ಪನೆಯ ಮನುಷ್ಯ ಹತ್ತಿದಾಗ ಕುಸಿಯುವಷ್ಟು, ಕುಸಿಯಿತು.

"ಬಂದ," ಎಂದಳು ಪವಿ.

ಅವಳ ಬಲಗೈ ಗಾಡಿಯ ಒಳಕ್ಕೆ ಎತ್ತಲ್ಪಟ್ಟಿತ್ತು. ಕೆಂಪು ಉಣ್ಣೆಯ ಕೈಗವಸಿನ ಬೆರಳುಗಳು ಯಾರದೋ ಮುಷ್ಟಿಯಲ್ಲಿ ಇರುವಂತೆ ಒಟ್ಟಾಗಿ ಒತ್ತಿಹೋಗಿದ್ದವು. ತೋಳು ಮೆಲ್ಲಗೆ, ಅವಸರವಿಲ್ಲದೆ, ಒಳಕ್ಕೆ ಹೋಗುತ್ತಿತ್ತು. ಹೊರಗಿದ್ದ ಕಾಲು ನೆಲ ಬಿಟ್ಟು ಹಿಮ್ಮಡಿ ಎತ್ತಿತು.

"ಬಾ ಅನ್ನಾಕತ್ತಾನ ಮಮ್ಮಾ. ನಾ ಬರೂತನಕಾ ಬಿಡೂದಿಲ್ಲಂತ."

ಕೀರ್ತಿ ಎರಡೂ ಕೈಗಳಿಂದ ಮಗಳ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದಳು. ಮೊದಲ ಸಲಕ್ಕೆ ಮಗು ಅಲುಗಲಿಲ್ಲ. ಒಳಗಿನ ಹಿಡಿತ ಗಟ್ಟಿಯಾಗಿತ್ತು, ಆದರೆ ನೋಯಿಸುವಂಥದ್ದಲ್ಲ. ಗರ್ದಿಯಲ್ಲಿ ಮಗು ತಪ್ಪದಿರಲೆಂದು ಹಿಡಿಯುವ ಹಿಡಿತ. ಅದೇ ಅವಳಿಗೆ ಭಯವಾಗಿದ್ದು. "ನನ್ನ ಕೂಸು," ಎಂದು ಅವಳು ಯಾರಿಗೆ ಹೇಳಿದಳೋ, ಹೇಳಿ, ಪ್ಲಾಟ್‌ಫಾರ್ಮಿಗೆ ಕಾಲು ಊರಿ ಮೈಯೆಲ್ಲ ಭಾರ ಹಾಕಿ ಎಳೆದಳು. ಕೈಗವಸು ಕಳಚಿತು. ತಾಯಿ ಮಗಳು ಇಬ್ಬರೂ ಹಿಂದಕ್ಕೆ ಬಿದ್ದರು.

ಬಾಗಿಲು ಬಂತು, ಯಾವುದನ್ನೂ ಮುಟ್ಟಲಿಲ್ಲ, ಮುಚ್ಚಿತು. ಕೀರ್ತಿ ನೆಲದ ಮೇಲೆ ಕುಳಿತೇ ನೋಡಿದಳು. ಗಾಜಿನ ಆಚೆ ಆ ಕೆಂಪು ಕೈಗವಸು ಕೆಳಗೆ ಬಿದ್ದಿರಲಿಲ್ಲ. ಗಂಡಸೊಬ್ಬನ ಕೈ ಜೋತುಬೀಳುವಷ್ಟು ಎತ್ತರದಲ್ಲಿ, ಗಾಳಿಯಲ್ಲಿ, ಸುಮ್ಮನೆ ನಿಂತಿತ್ತು. ಅದರ ಪಕ್ಕ ನಿಂತ ಕಾಲೇಜು ಹುಡುಗ ಕಿವಿಗೆ ಹಾಡು ಹಾಕಿಕೊಂಡು ಆಕಳಿಸಿದ. ಗಾಡಿ ಸದ್ದಿಲ್ಲದೆ ಜಾರಿತು. ಪವಿ ತಾಯಿಯ ತೋಳುಗಳಲ್ಲಿ ಒದ್ದಾಡಿದಳು, ಕಚ್ಚಿದಳು, ಬೈದಳು, ಜರ್ಮನ್‌ನಲ್ಲೂ ಕನ್ನಡದಲ್ಲೂ. ಕೀರ್ತಿ ಬಿಡಲಿಲ್ಲ. ಹೋಗಿ ಬರ್ರಿ ಎಂಬ ಮಾತನ್ನು ಈ ಸಲ ಬಾಯಿಂದ ಬೀಳಗೊಡಲಿಲ್ಲ.

ಕಿಸೆಯಲ್ಲಿ ಫೋನು ಅಲುಗಿತು. ದಿಲೀಪ್ ಕಳಿಸಿದ್ದ: "ಸೂಪರ್ ರೀ ಕೀರ್ತಿ! ಮಾಲ್ಸ್‌ಬಾಖ್ ಆನ್ ಟೈಮ್!"

ಪವಿ ಬರುವತನಕ ಗಾಡಿ ಬಿಡುವುದಿಲ್ಲ ಎಂದು ಸುನಿಲಕುಮಾರ ಹೇಳಿದ್ದ. ಪವಿ ಪ್ಲಾಟ್‌ಫಾರ್ಮಿನ ಮೇಲೆ ಇದ್ದಳು, ಅವನನ್ನು ಹೊತ್ತು ಗಾಡಿ ಹೋಯಿತು. ಮಾತು ಮುರಿಯಿತು, ಹಿಡಿದುಕೊಂಡು ನಿಲ್ಲಲು ಅವನಿಗೆ ಇನ್ನೇನೂ ಉಳಿಯಲಿಲ್ಲ.